ಎತ್ತದ ಕೈ

ಮಾರ್ಚ್ 3

ನಮ್ಮ ಬಾಯಿಬಡುಕಿ ನಾದಿನಿಗೆ,

ನೀನು ಹೊರಟುಹೋದ ಮೇಲೆ ಈ ಮನೆಯಲ್ಲಿ ಮಾತು ಅನ್ನುವುದೇ ತುಟ್ಟಿಯಾಗಿದೆ. ನಿನ್ನ ಅಣ್ಣ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಅದರಲ್ಲೂ ಎರಡನ್ನು ಯಂತ್ರದ ಹತ್ತಿರ ಆಡಿ ಮುಗಿಸಿ ಬರುತ್ತಾನೆ. ಆ ದೊಡ್ಡ ಹೋಟೆಲಿನಲ್ಲಿ ಹಾಸಿಗೆಯ ಬಟ್ಟೆ ಒಗೆಯುತ್ತಾ ಹಬೆಯಲ್ಲಿ ನಿಂತಿರುವಾಗ ನಮ್ಮ ಐಸ್ ಕಾರ್ಖಾನೆ ನೆನಪಾಗುತ್ತದೆಯೇ? ಇಲ್ಲಿ ನಡುಗಿದ್ದು ಸಾಲದು ಅಂತ ಅಲ್ಲಿ ಬೇಯಲು ಹೋದವಳು ನೀನು.

ಇದು ಅತ್ತಿಗೆಯ ಕಾಗದವೂ ಹೌದು, ಕಾರ್ಯದರ್ಶಿಯ ಕಾಗದವೂ ಹೌದು. ಈ ವರ್ಷ ಕಾರ್ಯದರ್ಶಿಯ ಸರದಿ ನನ್ನದು. ಬೇಡ ಅಂದರೂ ಬಿಡಲಿಲ್ಲ. ನೀನು ಊರಲ್ಲಿ ಇಲ್ಲದಿದ್ದರೂ ಸಹಕಾರಿಯ ಸದಸ್ಯೆಯೇ, ಆದ್ದರಿಂದ ತಿಳಿಸಲೇಬೇಕು.

ಹೋದ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ, ಬೋಟುಗಳು ದಡ ಮುಟ್ಟುವ ಹೊತ್ತಿಗೆ ಸರಿಯಾಗಿ, ನಿನ್ನ ಅಣ್ಣ ಕಂಪ್ರೆಸರ್ ನಿಲ್ಲಿಸಿಬಿಟ್ಟ. ಯಾರನ್ನೂ ಕೇಳಲಿಲ್ಲ. ವಾಲ್ವಿನ ಕುತ್ತಿಗೆಯ ಹತ್ತಿರ ಅಮೋನಿಯಾ ವಾಸನೆ ಬಂತಂತೆ. ನಮ್ಮನ್ನೆಲ್ಲ ಕುರಿ ಅಟ್ಟಿದ ಹಾಗೆ ಹೊರಗೆ ಅಟ್ಟಿ, ಒದ್ದೆ ಗೋಣಿ ಮುಖಕ್ಕೆ ಸುತ್ತಿಕೊಂಡು ಒಬ್ಬನೇ ಒಳಗೆ ಕೂತ. ಸಂಜೆಯವರೆಗೂ ಯಂತ್ರ ಓಡಲಿಲ್ಲ. ಉಪ್ಪುನೀರಿನ ತೊಟ್ಟಿಯ ಡಬ್ಬಿಗಳಲ್ಲಿ ಅರ್ಧ ಕಟ್ಟಿದ್ದ ಐಸು ಮತ್ತೆ ನೀರಾಯಿತು. ಮೀನು ತುಂಬಿಕೊಂಡು ಬಂದವರು ಬೋಟುಕಟ್ಟೆಯಾಚೆಯ ಸಾಹುಕಾರನ ಐಸಿಗೆ ಹೋದರು. ಹೋದವರಲ್ಲಿ ಅರ್ಧ ಜನ ಇನ್ನೂ ಈ ಕಡೆ ತಲೆ ಹಾಕಿಲ್ಲ. ಇಷ್ಟಕ್ಕೂ ಕೊನೆಗೆ ಸಿಕ್ಕಿದ್ದೇನು? ಸೋರದ ಹಾಗೆ ವಾಲ್ವಿಗೆ ಸುತ್ತುವ ಪ್ಯಾಕಿಂಗ್ ಹಗ್ಗದ ಒಂದು ಸವೆದ ತುಂಡು.

ನಮ್ಮ ಮೊದಲನೆಯ ನಿಯಮ ನಿನಗೆ ಹೇಳಬೇಕೇ? "ಒಬ್ಬರ ಕೈ ಯಂತ್ರ ನಿಲ್ಲಿಸಕೂಡದು." ಹಳೆಯ ಧಣಿ ಐಸಿನ ಬೆಲೆ ಏರಲಿ ಅಂತ, ನಾವು ಬಾಯಿ ಬಿಟ್ಟರೆ ಹೊಟ್ಟೆಗೆ ಹೊಡೆಯಲಿ ಅಂತ, ಮನಸ್ಸು ಬಂದಾಗಲೆಲ್ಲ ಯಂತ್ರ ನಿಲ್ಲಿಸುತ್ತಿದ್ದ. ಅವನು ಬಾಗಿಲು ಹಾಕಿ ಓಡಿಹೋದ ಮೇಲೆ ನಾವು ಬೀಗ ಒಡೆದು ಕಾರ್ಖಾನೆಯನ್ನು ನಮ್ಮದು ಮಾಡಿಕೊಂಡೆವಲ್ಲ, ಅವತ್ತೇ ಗೋಡೆಗೆ ಬರೆದ ಮಾತು. ಏಣಿ ಹತ್ತಿ ಬಣ್ಣ ಬಳಿದವಳು ನೀನೇ. ಅವತ್ತಿನಿಂದ ನಾವು ಒಬ್ಬರನ್ನೊಬ್ಬರು ಧಣಿ ಅಂತ ಕರೆಯುವುದು ತಮಾಷೆಗೆ ಶುರುವಾಗಿ ರೂಢಿಯಾಯಿತು.

ಯಂತ್ರ ನಿಂತ ದಿನ ಸಂಜೆ ಎಲ್ಲರೂ ಸೇರಿದಾಗ ತೂಕದ ಕೆಲಸದ ತಕ್ಕಡಿ ಮಾಮ ಎದ್ದು ನಿಂತು ಹೇಳಿದ: "ಅವನು ಮಾಡಿದ್ದು ಸರೀನೋ ತಪ್ಪೋ, ನಂಗೆ ಬೇಡ. ಕೇಳದೆ ಮಾಡಿದ. ಇವತ್ತು ವಾಸನೆ ಬಂತು ಅಂತಾನೆ, ನಾಳೆ ಮನಸ್ಸು ಬಂತು ಅಂತಾನೆ. ಎಲ್ರೂ ಧಣಿಗಳಾಗಿರೋ ಕಡೆ ಒಬ್ಬ ಮಾತ್ರ ದೊಡ್ಡ ಧಣಿ ಆಗಬಾರ್ದು."

ಅವನ ಸೂಚನೆ ಇದು: ನಿನ್ನ ಅಣ್ಣ ಕಂಪ್ರೆಸರ್ ಕೋಣೆಯ ಕೆಲಸವನ್ನು ಎಲ್ಲರಿಗೂ ಕಲಿಸಿಕೊಡಬೇಕು. ಆಮೇಲೆ ಒಂದು ವರ್ಷ ಆ ಹೊಸ್ತಿಲು ದಾಟಕೂಡದು, ಐಸು ಪುಡಿ ಮಾಡುವ ಕಡೆ ದುಡಿಯಬೇಕು. ಕೋಣೆಯನ್ನು ಉಳಿದವರು ವಾರಕ್ಕೊಬ್ಬರಂತೆ ಸರದಿಯಲ್ಲಿ ನೋಡಿಕೊಳ್ಳಬೇಕು.

ಸಭೆ ಇಪ್ಪತ್ತನೇ ತಾರೀಕು. ದೂರದ ಸದಸ್ಯರು ಪತ್ರದಲ್ಲಿ ಅಭಿಪ್ರಾಯ ತಿಳಿಸಬಹುದು. ನಿಯಮ ನಿನಗೆ ಗೊತ್ತೇ ಇದೆ, ಬಿಡಿಸಿ ಹೇಳಬೇಕಿಲ್ಲ. ಏನು ಬರೆಯಬೇಕು ಅಂತ ನಾನು ಹೇಳಿಕೊಡುವುದಿಲ್ಲ. ಹೇಳಿದರೆ ಹೆಂಡತಿ ಅನ್ನುತ್ತಾರೆ.

ಊಟ ಸರಿಯಾಗಿ ಮಾಡು.

ನಿನ್ನ
ಅತ್ತಿಗೆ

•

ಮಾರ್ಚ್ 22

ಪ್ರೀತಿಯ ನಾದಿನಿಗೆ,

ನಿನ್ನ ಕಾಗದ ಬರುತ್ತದೆಂದು ಕೊನೆಯ ದಿನದವರೆಗೂ ಅಂಚೆಯವನ ದಾರಿ ನೋಡಿದೆ. ಬರಲಿಲ್ಲ.

ಸಭೆ ಐಸು ಇಳಿಸುವ ಅಂಗಳದಲ್ಲೇ ನಡೆಯಿತು. ನೆಲ ಒದ್ದೆ, ಎಲ್ಲರೂ ರಬ್ಬರ್ ಬೂಟಿನಲ್ಲೇ ನಿಂತಿದ್ದೆವು. ಹತ್ತು ಮಂದಿ ಇದ್ದಲ್ಲಿ ಹಾವು ಸಾಯದು ಅನ್ನುತ್ತಾರೆ, ನಮ್ಮಲ್ಲಂತೂ ಹಾವಿಗೂ ಒಂದು ಮಾತಾಡಲು ಅವಕಾಶ ಕೊಡುತ್ತಾರೆ. ನಿನ್ನ ಅಣ್ಣನಿಗೂ ಕೊಟ್ಟರು. ಅವನು, "ಕೇಳ್ಕೊಂಡು ಬರೋ ಅಷ್ಟು ಹೊತ್ತು ಅದು ಕೊಡಲ್ಲ" ಅಂದ. ಯಾವುದು ಅಂತ ಯಾರೋ ಕೇಳಿದರು. "ಅಮೋನಿಯಾ" ಅಂದು ಕೂತುಬಿಟ್ಟ. ಇನ್ನೂ ನಾಲ್ಕು ಮಾತು ಆಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಬೇಕು ಅನ್ನುವವರು ಕೈ ಎತ್ತಿ ಅಂದರು. ನಾನೇ ಎಣಿಸಬೇಕಾಗಿತ್ತು. ಎಣಿಸುವ ಮೊದಲು ನನ್ನ ಕೈಯನ್ನೂ ಎತ್ತಿದೆ.

ಓದುವುದು ನಿಲ್ಲಿಸಬೇಡ, ಪೂರ್ತಿ ಓದು. ಆ ಕೋಣೆಯಿಂದ ಬಂದ ದಿನವೆಲ್ಲ ಅವನು ಕೆಮ್ಮುವುದನ್ನು ಪಕ್ಕದಲ್ಲಿ ಮಲಗಿ ಕೇಳುವವಳು ನಾನು. ಪುಡಿ ಮಾಡುವ ಕಡೆ ಗಾಳಿಯಾಡುತ್ತದೆ. ಒಂದು ವರ್ಷ ಆಚೆ ಇದ್ದರೆ ಎದೆ ಸ್ವಲ್ಪ ಹಗುರಾದೀತು ಅಂದುಕೊಂಡೆ. ನಿಯಮಕ್ಕಾಗಿ ಎತ್ತಿದೆ ಅಂತ ಜನ ತಿಳಿದರು, ಬೆನ್ನು ತಟ್ಟಿದರು. ನನಗೆ ನಾಚಿಕೆಯಾಯಿತು.

ಎತ್ತಿದ ಕೈಗಳೂ ಎತ್ತದ ಕೈಗಳೂ ಸಮಸಮ. ನಿನ್ನ ಪತ್ರ ಬಂದಿರಲಿಲ್ಲವಾದ್ದರಿಂದ ಅದನ್ನು ಒಪ್ಪಿಗೆ ಎಂದು ಸೇರಿಸಿದೆವು. ಹಾಗೆ ಸೂಚನೆ ಪಾಸಾಯಿತು. ನೀನೂ ನನ್ನ ಹಾಗೆಯೇ ಅವನ ಎದೆಯನ್ನು ನೆನೆದು ಸುಮ್ಮನಿದ್ದೆ ಎಂದು ನಾನು ತಿಳಿದೆ.

ಮನೆಗೆ ಬಂದ ಮೇಲೆ ನನ್ನ ಬೂಟು ಬಿಚ್ಚಲು ಕೈ ಕೊಟ್ಟ, ದಿನಾ ಕೊಡುವ ಹಾಗೆ. ಬೈಯಲಿಲ್ಲ. ಬೈದಿದ್ದರೆ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಮುಗಿದುಹೋಗುತ್ತಿತ್ತು.

ನಿನ್ನ
ಅತ್ತಿಗೆ

•

ಏಪ್ರಿಲ್ 6

ಕಾರ್ಯದರ್ಶಿಯವರಿಗೆ,

ಅತ್ತಿಗೆ ಅಂತ ಬರೆಯಲು ಕೈ ಬರುತ್ತಿಲ್ಲ.

ನಾನು ಒಪ್ಪಿದೆ ಅಂತ ನಿಮಗೆ ಯಾರು ಹೇಳಿದರು? ನಾನು ಸುಮ್ಮನಿದ್ದದ್ದು ಬೇಡ ಅಂತ! ನಾನಿದ್ದ ಕಾಲದಲ್ಲಿ ಒಂದು ಸಭೆಯಲ್ಲಾದರೂ "ಬೇಡ ಅನ್ನೋರು ಕೈ ಎತ್ತಿ" ಅಂತ ಕೇಳಿದ್ದುಂಟೇ? ಬೇಕು ಅನ್ನುವವರು ಎತ್ತುತ್ತಿದ್ದರು, ಬೇಡದವರು ಕೈ ಕಟ್ಟಿ ನಿಲ್ಲುತ್ತಿದ್ದರು. ನಾನು ಇಲ್ಲಿ ಕೈ ಕಟ್ಟಿ ನಿಂತೆ. ಅಷ್ಟೇ ನಾನು ಮಾಡಿದ್ದು.

ಕಾಗದ ಬರೆಯಲು ಕೂತಿದ್ದೆ. ಅಣ್ಣನಿಗೋಸ್ಕರ ತಂಗಿ ಬರೆದಳು, ಊರು ಬಿಟ್ಟು ಹೋದವಳಿಗೆ ಇದೆಲ್ಲ ಯಾಕೆ, ಅಂತ ತಕ್ಕಡಿ ಮಾಮ ಮೂಗು ಮುರಿಯುತ್ತಾನೆ ಅನ್ನಿಸಿತು. ನನ್ನಿಂದ ಅಣ್ಣನ ಮಾತಿನ ತೂಕ ಕಡಿಮೆಯಾಗಬಾರದು ಅಂತ ಹರಿದುಹಾಕಿದೆ. ಎತ್ತದ ಕೈಯನ್ನು ಯಾರೂ ಪ್ರಶ್ನೆ ಮಾಡುವುದಿಲ್ಲವಲ್ಲ ಅಂದುಕೊಂಡೆ. ಜೀವಮಾನದಲ್ಲಿ ಒಂದು ಸಲ ಈ ಬಾಯಿಬಡುಕಿ ಬಾಯಿ ಮುಚ್ಚಿದಳು, ಅದನ್ನೇ ಹಿಡಿದು ನನ್ನ ಅಣ್ಣನ ಕೈ ಕಟ್ಟಿದಿರಿ.

ಆ ಯಂತ್ರದ ಉಸಿರು ಅವನಿಗೆ ಮಾತ್ರ ತಿಳಿಯುವುದು. ಅದು ಅವನ ಹೆಂಡತಿಗೆ ಗೊತ್ತಿಲ್ಲವೇ? ಕೆಮ್ಮಿಗೆ ಔಷಧಿ ಕೊಡಿಸುವುದು ಬಿಟ್ಟು ಸಭೆಯಲ್ಲಿ ಕೈ ಎತ್ತಿ ಗುಣಪಡಿಸಲು ಹೊರಟೆಯಲ್ಲ! ಊರಿಗೆ ಉಪಕಾರಿ, ಮನೆಗೆ ಮಾರಿ.

ಇಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಮೇಲ್ವಿಚಾರಕಿ ಬೆರಳು ತೋರಿಸಿದ ಕಡೆ ಹೋಗುತ್ತೇನೆ. ನಿಮ್ಮ ಸಭೆಗಳನ್ನು ನೆನೆದು ಇಷ್ಟು ದಿನ ಹೊಟ್ಟೆಕಿಚ್ಚು ಪಡುತ್ತಿದ್ದೆ. ಇನ್ನು ಪಡುವುದಿಲ್ಲ.

ನನ್ನದು ಬೇಡ ಅಂತ ಬರೆದುಕೊಳ್ಳಿ. ಮತ್ತೆ ಎಣಿಸಿ.

ಇಂತಿ,
ಸದಸ್ಯೆ

•

ಏಪ್ರಿಲ್ 19

ನಾದಿನಿ,

ನಿನ್ನ ಕಾಗದವನ್ನು ಸಭೆಯಲ್ಲಿ ಓದಿದೆ, ಮಾರಿ ಅನ್ನುವುದನ್ನೂ ಸೇರಿಸಿ. ಯಾರೂ ನಗಲಿಲ್ಲ.

ದೂರದವರ ಉತ್ತರಕ್ಕೆ ಕಾದು ಕೂತರೆ ಕೆಲಸ ನಿಲ್ಲುತ್ತದೆ, ಆದ್ದರಿಂದ ಬಾರದ ಪತ್ರ ಒಪ್ಪಿಗೆಯೇ ಅಂತ ತೀರ್ಮಾನ ಮಾಡಿದ್ದು ನೀನು ಹೊರಟ ಮರುವಾರದ ಸಭೆಯಲ್ಲಿ. ಮೌನಂ ಸಮ್ಮತಿ ಲಕ್ಷಣಂ ಅಂತ ತಕ್ಕಡಿ ಮಾಮನೇ ಹೇಳಿ, ಎಲ್ಲರೂ ಸರಿ ಅಂದೆವು. ಅದು ನಿನಗೆ ಗೊತ್ತಿದೆ ಎಂದು ನಾನು ನಂಬಿಬಿಟ್ಟಿದ್ದೆ. ಒಂದು ಸಾಲು ಬರೆದಿದ್ದರೆ ಆಗುತ್ತಿತ್ತು. ಬರೆಯಲಿಲ್ಲ.

ಮತ್ತೆ ಎಣಿಸೋಣ ಅಂತ ನಾನೇ ಕೇಳಿದೆ. "ಕಾಗದ ಬಂದಾಗಲೆಲ್ಲ ತೀರ್ಮಾನ ತಿರುಗಿಸ್ತಾ ಕೂತ್ರೆ ಐಸು ಕಟ್ಟೋರು ಯಾರು" ಅಂದರು. ನಿನ್ನ ಅಣ್ಣನೂ ಅಲ್ಲೇ ಇದ್ದ. "ಬಿಡು, ಆಗಿದ್ದು ಆಯ್ತು" ಅಂದ. ಎಲ್ಲರಿಗೂ ಕೆಲಸ ಕಲಿಸಿದ್ದಾನೆ, ನಿನ್ನೆ ಬೀಗದ ಕೈ ಒಪ್ಪಿಸಿದ. ಇವತ್ತು ಪುಡಿ ಮಾಡುವ ಕಡೆ ನಿಂತಿದ್ದಾನೆ.

ನಿನಗೆ ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಅವನಿಗೆ ಒಂದು ಕಾಗದ ಹಾಕು. ಉತ್ತರ ಬರೆಯದಿದ್ದರೂ ಓದುತ್ತಾನೆ.

ಇಂತಿ,
ಅತ್ತಿಗೆ

•

ಜೂನ್ 30

ಬಾಯಿಬಡುಕಿಗೆ,

ಎರಡು ತಿಂಗಳಾಯಿತು, ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಹಟದಲ್ಲಿ ನಾವಿಬ್ಬರೂ ಒಂದೇ ತಕ್ಕಡಿಗೆ ಸಮ. ಮೊದಲು ಗೆಳತಿಯರಾಗಿ ಐಸು ಹೊತ್ತವರು, ಆಮೇಲೆ ಅತ್ತಿಗೆ ನಾದಿನಿ ಆದವರು. ಆ ಮೊದಲನೆಯ ಸಲುಗೆಯಿಂದ ನಾನೇ ಸೋತು ಬರೆಯುತ್ತಿದ್ದೇನೆ.

ಕಂಪ್ರೆಸರ್ ಕೋಣೆಯ ಸರದಿ ಶುರುವಾಗಿ ತಮಾಷೆಯೋ ತಮಾಷೆ. ಲಾರಿಗೆ ತುಂಬುವವನ ವಾರದಲ್ಲಿ ಒತ್ತಡ ತೋರಿಸುವ ಗೇಜಿನ ಮುಳ್ಳು ಎಲ್ಲಿದೆ ಅಂತ ನೋಡುವ ಬದಲು ಅವನು ಅದರ ಗಾಜು ಒರೆಸುತ್ತಾ ಕೂತಿದ್ದ. ತಕ್ಕಡಿ ಮಾಮನಂತೂ ತನ್ನ ವಾರ ಮುಗಿಯುವವರೆಗೆ ಸರಿಯಾಗಿ ಊಟ ಮಾಡಲಿಲ್ಲ. ಆಳು ಮಾಡಿದ್ದು ಹಾಳು, ತಾನು ಮಾಡಿದ್ದು ಉತ್ತಮ ಅನ್ನುತ್ತಾರೆ. ನಾವು ಎಲ್ಲರೂ ತಾನೇ ಆದವರು, ಆದರೂ ಹಾಳಾಗುವುದು ತಪ್ಪಿಲ್ಲ.

ಜುಲೈ ಎರಡನೇ ವಾರ ನನ್ನ ಸರದಿ ಬರುತ್ತದೆ. ಬೇರೆಯವರಿಗೆ ಕಾಯಿಲೆಯಾದಾಗ ಈಗಾಗಲೇ ಎರಡು ಸಲ ಕೂತಿದ್ದೇನೆ. ನಿನ್ನ ಅಣ್ಣನನ್ನು ನೋಡಬೇಕಿತ್ತು! ಹೊಸ್ತಿಲು ದಾಟಬಾರದು ಅಂದಿದ್ದಾರೆ ತಾನೇ? ಹೊಸ್ತಿಲಿನ ಈಚೆ ಬೂಟಿನ ತುದಿ ಸರಿಯಾಗಿ ಕೂರಿಸಿ ನಿಲ್ಲುತ್ತಾನೆ. ಬಿಡುವು ಸಿಕ್ಕಾಗಲೆಲ್ಲ ಅದೇ ಜಾಗ. ಅಲ್ಲಿಂದ ಕೂಗುತ್ತಾನೆ, "ಎಡಗಡೆ ಮುಳ್ಳು ಎಲ್ಲಿದೆ? ಪೈಪ್ ಮುಟ್ಟಿ ನೋಡು. ಸುಡ್ತಿದೆಯಾ, ಬರೀ ಬೆಚ್ಚಗಿದೆಯಾ?" ಯಂತ್ರದ ಸದ್ದಿನಲ್ಲಿ ನಾನು "ಆಂ?" ಅನ್ನುತ್ತೇನೆ, ಅವನು ಮತ್ತೆ ಕೂಗುತ್ತಾನೆ. ಮದುವೆಯಾದಾಗಿನಿಂದ ನನ್ನ ಹತ್ತಿರ ಇಷ್ಟು ಮಾತಾಡಿರಲಿಲ್ಲ. ಸಂಜೆ ಅಡುಗೆಮನೆಯಲ್ಲಿ ಲೋಟವನ್ನು ವಾಲ್ವು ಮಾಡಿಕೊಂಡು, ಚಮಚವನ್ನು ಸ್ಪ್ಯಾನರ್ ಮಾಡಿಕೊಂಡು, ನಟ್ಟು ಎಷ್ಟು ಬಿಗಿ ಮಾಡಬೇಕು ಅಂತ ತೋರಿಸಿಕೊಡುತ್ತಾನೆ. ನನಗೆ ಖುಷಿ. ಇದಕ್ಕಾಗಿಯಾದರೂ ಕೈ ಎತ್ತಿದ್ದು ಒಳ್ಳೆಯದೇ ಆಯಿತು ಅನ್ನಿಸಿತು. ಕೆಮ್ಮೂ ಇಳಿದಿದೆ.

ಆ ವಾಲ್ವಿನ ಕುತ್ತಿಗೆಯಲ್ಲಿ ಆಗಾಗ ಸಣ್ಣಗೆ ವಾಸನೆ ಬರುತ್ತದೆ. ಹೊಸ ವಾಲ್ವು ತರಿಸಬೇಕು ಅಂತ ಅವನು ಹೇಳಿ ಕಳಿಸಿದ, ನಾನೇ ಸಭೆಯಲ್ಲಿ ಓದಿದೆ. ಹಾಕುವಾಗ ಯಂತ್ರ ಎರಡು ದಿನ ನಿಲ್ಲಬೇಕಂತೆ. ಈಗಷ್ಟೇ ಬೋಟಿನವರು ಒಬ್ಬೊಬ್ಬರಾಗಿ ವಾಪಸ್ ಬರುತ್ತಿದ್ದಾರೆ, ಈ ಹಂಗಾಮು ಕಳೆಯಲಿ ಅಂದರು. ಬೇಡ ಅಂತ ಯಾರೂ ಅನ್ನಲಿಲ್ಲ, ಮುಂದೆ ನೋಡೋಣ ಅಂದರು. ನಮ್ಮವರ ಮಾತು ಗೊತ್ತಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ನನ್ನ ಸರದಿಯಲ್ಲಿ ವಾಸನೆ ಬಂದರೆ ಏನು ಮಾಡಲಿ ಅಂತ ನಿನ್ನ ಅಣ್ಣನನ್ನು ಕೇಳಿದೆ. "ನಿಲ್ಸು, ಆಚೆ ಓಡು" ಅಂದ. ಕಾರ್ಯದರ್ಶಿಯೇ ಕೇಳದೆ ನಿಲ್ಲಿಸಿದರೆ ಜನ ಏನಂದಾರು ಅಂದೆ. ಅವನಿಗೆ ಮಾಡಿದ್ದನ್ನು ನನಗೆ ಮಾಡಿಕೊಳ್ಳದೆ ಬಿಟ್ಟರೆ, ಗಂಡನಿಗೊಂದು ನ್ಯಾಯ ತನಗೊಂದು ನ್ಯಾಯ ಅನ್ನುವುದಿಲ್ಲವೇ? ಅವನು ಎದ್ದುಹೋಗಿ ಲೋಟ ತೊಳೆದಿಟ್ಟ.

ಸಿಟ್ಟು ಬಿಟ್ಟು ಬರೆ. ಬೈದಾದರೂ ಬರೆ.

ನಿನ್ನ
ಅತ್ತಿಗೆ

•

ಜುಲೈ 12

ನನ್ನ ಅತ್ತಿಗೆಗೆ,

ನೋಡು, ಅತ್ತಿಗೆ ಅಂತ ಬರೆದಿದ್ದೇನೆ. ಸೋತೆ.

ಅಣ್ಣ ಹೊಸ್ತಿಲಿನಲ್ಲಿ ನಿಂತು ಕೂಗುವುದನ್ನು ಓದಿ ಬಟ್ಟೆಯ ರಾಶಿಯ ಮೇಲೆ ಬಿದ್ದು ನಕ್ಕೆ. ಪಕ್ಕದವಳು ಹುಚ್ಚು ಹಿಡಿಯಿತೇ ಅಂತ ನೋಡಿದಳು. ನಮ್ಮಪ್ಪನೂ ಹೀಗೆಯೇ, ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನಿಗೆ ಉಪ್ಪು ಎಷ್ಟು ಹಾಕಬೇಕು ಅಂತ ಹೇಳುತ್ತಿದ್ದ. ಒಳಗೆ ಬಂದು ಒಂದು ದಿನವಾದರೂ ಹಾಕಲಿಲ್ಲ.

ಮಾರಿ ಅಂದಿದ್ದಕ್ಕೆ ಮನ್ನಿಸು. ಅವತ್ತು ಬರೆದದ್ದರಲ್ಲಿ ಅರ್ಧ ನನ್ನ ಮೇಲಿನ ಸಿಟ್ಟೇ. ಹರಿದುಹಾಕಿದ ಕಾಗದ ನೆನಪಾದರೆ ಕೈ ಕಡಿದುಕೊಳ್ಳುವ ಹಾಗಾಗುತ್ತದೆ. ಆದರೆ ನೀನು ಹೇಳಿದ್ದು ಕೇಳಿ, ನನ್ನ ತಪ್ಪಿನಿಂದಲೂ ನಿಮ್ಮ ಮನೆಯಲ್ಲಿ ಮಾತು ಹುಟ್ಟಿತಲ್ಲ ಅಂತ ಸಮಾಧಾನವಾಯಿತು.

ಈ ವಾರ ನಿನ್ನ ಸರದಿ ಅಲ್ಲವೇ? ಹೇಗಿದ್ದೀರಿ ದೊಡ್ಡ ಧಣಿ? ಮುಳ್ಳು ನೆಟ್ಟಗಿದೆಯೇ? ಜನ ಏನಾದರೂ ಅಂದುಕೊಳ್ಳಲಿ, ವಾಸನೆ ಬಂದರೆ ಅಣ್ಣ ಹೇಳಿದ ಹಾಗೆ ಮಾಡು. ಆಮೇಲೆ ಸಭೆ ಸೇರಿಸಿ ನಿನ್ನನ್ನೂ ಪುಡಿ ಮಾಡುವ ಕಡೆ ಹಾಕಿದರೆ ಗಂಡ ಹೆಂಡತಿ ಒಟ್ಟಿಗೆ ಗಾಳಿ ಕುಡಿಯುತ್ತಾ ನಿಲ್ಲಬಹುದು. ಈ ಸಲ ನನ್ನನ್ನು ಕೇಳಿದರೆ ಬೇಡ ಅಂತ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ.

ಮುಂದಿನ ತಿಂಗಳು ರಜೆ ಕೇಳಿದ್ದೇನೆ. ಕೊಟ್ಟರೆ ಬರುತ್ತೇನೆ. ನನ್ನ ಹಳೆಯ ಬೂಟು ಯಾರಿಗೂ ಕೊಡಬೇಡ.

ನಿನ್ನ
ಬಾಯಿಬಡುಕಿ

•

ಜುಲೈ 18

ತಂಗಿಗೆ,

ಕಣ್ಣು ಇನ್ನೂ ಉರಿಯುತ್ತದೆ, ಅಕ್ಷರ ಸೊಟ್ಟಗಿದ್ದರೆ ನಿಧಾನವಾಗಿ ಓದಿಕೋ.

ನೀನು ಅವಳಿಗೆ ಬರೆದ ಕಾಗದ ನಿನ್ನೆ ಬಂತು. ಒಡೆದು ಓದಿದೆ. ಅವಳು ಒಂಬತ್ತನೇ ತಾರೀಕು ಹೋದಳು. ಅವತ್ತೇ ನಿನ್ನ ಹೋಟೆಲಿಗೆ ಫೋನ್ ಮಾಡಿದೆವು. ತಿಳಿಸುತ್ತೇವೆ ಅಂದರು. ಯಾರೂ ತಿಳಿಸಿಲ್ಲ ಅಂತ ನಿನ್ನ ಕಾಗದ ನೋಡಿದ ಮೇಲೆ ಗೊತ್ತಾಯಿತು.

ಹೇಗಾಯಿತು ಅಂತ ಹೇಳಬೇಕು. ಬೇರೆಯವರಿಂದ ಕೇಳಬೇಡ.

ನನ್ನನ್ನು ಕೈಗಾಡಿಯ ಜೊತೆ ಬೋಟುಕಟ್ಟೆಗೆ ಕಳಿಸಿದ್ದರು. ಅವಳಿಗೆ ವಾಸನೆ ಬಂತು. ಹೊಸ್ತಿಲಿಗೆ ಬಂದು ತಕ್ಕಡಿ ಮಾಮನನ್ನು ಕರೆದು, "ಜೋರಾಗಿದೆ, ನಿಲ್ಲಿಸ್ಲಾ? ಎಲ್ರನ್ನೂ ಕೇಳ್ಕೊಂಡು ಬಾ" ಅಂದಳಂತೆ. ಅವನು ಓಡಿದ. ಆ ವಯಸ್ಸಿನಲ್ಲಿ ಅವನಿಗೆ ಆದಷ್ಟು ಜೋರಾಗಿಯೇ ಓಡಿದ. ಅವನು ಬರುವ ತನಕ ಸುಮ್ಮನೆ ನಿಲ್ಲದೆ ಅವಳು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಿದ್ದಾಳೆ, ನಟ್ಟು ಬಿಗಿ ಮಾಡೋಣ ಅಂತ. ಯಂತ್ರ ಓಡುತ್ತಿರುವಾಗ ಅದನ್ನು ಮುಟ್ಟಬಾರದು. ನಾನು ಎಲ್ಲ ಹೇಳಿಕೊಟ್ಟೆ, ಇದೊಂದು ಹೇಳಲಿಲ್ಲ. ವಾಸನೆ ಬಂದರೆ ನಿಲ್ಲಿಸುತ್ತಾಳೆ ಅಂತಲೇ ನನ್ನ ಮನಸ್ಸಿನಲ್ಲಿತ್ತು. ಓಡುವ ಯಂತ್ರದಲ್ಲಿ ಯಾರಾದರೂ ಅದಕ್ಕೆ ಸ್ಪ್ಯಾನರ್ ಹಾಕುತ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ.

ಪ್ಯಾಕಿಂಗ್ ಕಿತ್ತುಕೊಂಡು ಬಂತು. ಆ ಸದ್ದು ಕಟ್ಟೆಯವರೆಗೂ ಕೇಳಿತು. ನಾನು ಬಂದಾಗ ಅಂಗಳದಲ್ಲಿ ಅರ್ಧ ಜನ ಕೈ ಎತ್ತಿಕೊಂಡೇ ನಿಂತಿದ್ದರು, ನಿಲ್ಲಿಸಲಿ ಅಂತ. ಇಳಿಸುವುದನ್ನೂ ಮರೆತಿದ್ದರು. ನಾನು ಗೋಣಿ ಸುತ್ತಿಕೊಂಡು ಒಳಗೆ ಹೋಗಿ ಯಂತ್ರ ನಿಲ್ಲಿಸಿ, ದೊಡ್ಡ ವಾಲ್ವು ಮುಚ್ಚಿ, ಅವಳನ್ನು ಎಳೆದುಕೊಂಡು ಬಂದೆ. ಉಸಿರು ಇತ್ತು. ಆಸ್ಪತ್ರೆಯವರೆಗೆ ಇತ್ತು.

ನಿನಗೆ ನಿನ್ನ ಮೇಲೆ ಏನೇನು ಅನ್ನಿಸುತ್ತದೆ ಅಂತ ನನಗೆ ಗೊತ್ತು. ಹಾಗೆ ಅಂದುಕೊಳ್ಳಬೇಡ ಅಂತ ನಾನು ಬರೆದರೆ ಅದು ಸುಳ್ಳಾಗುತ್ತದೆ, ನನಗೂ ಅನ್ನಿಸಿದೆ. ಎರಡು ರಾತ್ರಿ ನಿನ್ನ ಮೇಲೆ ಸಿಟ್ಟಿತ್ತು. ಆಮೇಲೆ ತಕ್ಕಡಿ ಮಾಮನ ಮೇಲೆ ಬಂತು. ಅವನು ಬಾಗಿಲಿಗೆ ಬಂದು ಕೂತ, ಎದ್ದು ಹೋಗು ಅಂದರೂ ಹೋಗಲಿಲ್ಲ. ಅಳಲೂ ಇಲ್ಲ ಪಾಪ, ಕೂತೇ ಇದ್ದ. ಅವಳ ಮೇಲೂ ಸಿಟ್ಟು ಬಂತು. ಹಳೆಯ ಧಣಿ ಇದ್ದಿದ್ದರೆ ಅವನ ಮನೆಯ ಮುಂದೆ ಕಲ್ಲು ಹಿಡಿದು ನಿಲ್ಲಬಹುದಿತ್ತು. ಈಗ ಯಾರ ಮನೆಗೆ ಹೋಗಲಿ? ಬೀದಿಯಲ್ಲಿ ಎದುರಾದವರೆಲ್ಲ ಧಣಿಗಳೇ. ಕಲ್ಲು ಹಿಡಿದರೆ ನನ್ನ ಮನೆಯ ಮುಂದೆಯೂ ನಾನೇ ನಿಲ್ಲಬೇಕು.

ಮೊನ್ನೆ ಸಭೆ ಸೇರಿ ನನ್ನನ್ನು ವಾಪಸ್ ಕೋಣೆಗೆ ಹೋಗು ಅಂದರು. ಎಲ್ಲರೂ ಕೈ ಎತ್ತಿದರು. ನಾನು ಎತ್ತಲಿಲ್ಲ, ಆದರೂ ಹೋದೆ. ಹೊಸ ವಾಲ್ವು ಬಂದಿದೆ, ಕೂರಿಸುತ್ತಿದ್ದೇನೆ. ಬೋಟಿನವರು ಕಾಯುತ್ತಿದ್ದಾರೆ, ಈ ಸಲ ಯಾರೂ ಕಟ್ಟೆಯಾಚೆ ಹೋಗಿಲ್ಲ.

ನೀನು ಬರುತ್ತೀಯೆಂದು ಅವಳನ್ನು ಎರಡು ದಿನ ಇಟ್ಟುಕೊಂಡಿದ್ದೆವು. ನಮ್ಮಲ್ಲಿ ಐಸಿಗೆ ಬರವಿಲ್ಲವಲ್ಲ. ಅಂಗಳದಲ್ಲೇ ಹಲಗೆ ಹಾಕಿ, ಡಬ್ಬಿಗಳಲ್ಲಿ ಉಳಿದಿದ್ದ ಐಸು ಇಳಿಸಿ ಸುತ್ತಲೂ ಜೋಡಿಸಿದೆ. ಅವಳ ಸರದಿಯಲ್ಲೇ ಕಟ್ಟಿದ ಐಸು ಅದು. ಹೊಸಬರ ಕೈಯಲ್ಲಿ ಅದು ಬೆಳ್ಳಗೆ, ಒಳಗೆಲ್ಲ ಗುಳ್ಳೆಯಾಗಿ ಕಟ್ಟುತ್ತದೆ, ಬೇಗ ಕರಗುತ್ತದೆ. ಅವಳದು ಹಾಗಿರಲಿಲ್ಲ. ಗಾಜಿನ ಹಾಗೆ ಆಚೆ ಬದಿ ಕಾಣುತ್ತಿತ್ತು, ಒಂದೇ ಒಂದು ಗುಳ್ಳೆ ಇರಲಿಲ್ಲ. ಎರಡನೆಯ ದಿನ ಸಂಜೆಯಾದರೂ ಅಂಚು ಮಾತ್ರ ಕರಗಿತ್ತು.

ನಿನ್ನ
ಅಣ್ಣ